ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳಾ ಒಡೆತನದ ಉದ್ದಿಮೆಗಳು: ಕೇಂದ್ರ ಸರ್ಕಾರದ ಖರೀದಿಯಲ್ಲಿ ಮಾನ್ಯತೆ

ಕೇಂದ್ರ ಸರ್ಕಾರದ ಸಚಿವಾಲಯಗಳು, ಇಲಾಖೆಗಳು ಹಾಗೂ ಸಾರ್ವಜನಿಕ ವಲಯದ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಕನಿಷ್ಠ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾಡತಕ್ಕದ್ದೆಂದು 2012ರ ಸಾರ್ವಜನಿಕ ಖರೀದಿ ನೀತಿ ಆದೇಶವು, 2018ರಲ್ಲಿ ತಿದ್ದುಪಡಿಯಾದಂತೆ, ವಿಧಿಸುತ್ತದೆ. ಇದರೊಳಗೆ ಶೇ. 4ರಷ್ಟು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಒಡೆತನದ ಉದ್ದಿಮೆಗಳಿಗೂ, ಶೇ. 3ರಷ್ಟು ಮಹಿಳೆಯರ ಒಡೆತನದ ಉದ್ದಿಮೆಗಳಿಗೂ ಮೀಸಲಾಗಿರುತ್ತದೆ. ಹಿಂದುಳಿದ ವರ್ಗಗಳಿಗೆ ಸದರಿ ಆದೇಶದಲ್ಲಿ ಪ್ರತ್ಯೇಕ ಪಾಲು ಇರುವುದಿಲ್ಲ.

ಒಡೆತನದ ನಿರ್ಣಯ

ಏಕಮಾಲೀಕತ್ವದ ಉದ್ದಿಮೆಯಲ್ಲಿ ಮಾಲೀಕರೇ ಆಯಾ ವರ್ಗಕ್ಕೆ ಸೇರಿರತಕ್ಕದ್ದು. ಪಾಲುದಾರಿಕೆ ಸಂಸ್ಥೆಯಲ್ಲಿ ಆ ವರ್ಗದ ಪಾಲುದಾರರು, ಖಾಸಗಿ ಕಂಪನಿಯಲ್ಲಿ ಆ ವರ್ಗದ ಪ್ರವರ್ತಕರು ಕನಿಷ್ಠ ಶೇ. 51ರಷ್ಟು ಪಾಲು ಹೊಂದಿರತಕ್ಕದ್ದು. ಪತಿ ಪತ್ನಿಯರು ಸಮಪಾಲಿನಲ್ಲಿ ನಡೆಸುವ ಸಂಸ್ಥೆಯು, ದೈನಂದಿನ ವ್ಯವಹಾರವನ್ನೆಲ್ಲ ಪತ್ನಿಯೇ ನಿರ್ವಹಿಸುತ್ತಿದ್ದರೂ, ಮಹಿಳಾ ಒಡೆತನದ್ದೆನಿಸುವುದಿಲ್ಲ. ಆದುದರಿಂದ ಟೆಂಡರ್‌ನಲ್ಲಿ ಭಾಗವಹಿಸುವ ಮೊದಲೇ ಪಾಲುದಾರಿಕೆ ಪತ್ರವನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಜಾತಿಯು ಜನ್ಮದಿಂದ ನಿರ್ಧಾರವಾಗುವುದೇ ಹೊರತು ವಿವಾಹದಿಂದಲ್ಲ ಎಂಬುದನ್ನೂ ಅರ್ಜಿದಾರರು ಗಮನದಲ್ಲಿಡತಕ್ಕದ್ದು.

ನೋಂದಣಿ

ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಯು 1-7-2020ರಿಂದ ಜಾರಿಯಲ್ಲಿದ್ದು, ಸಂಪೂರ್ಣ ಉಚಿತವಾಗಿರುತ್ತದೆ. ಶುಲ್ಕ ಕೇಳುವ ಖಾಸಗಿ ಜಾಲತಾಣಗಳಿಗೂ ಸರ್ಕಾರಕ್ಕೂ ಸಂಬಂಧವಿಲ್ಲ. ಆಧಾರ್ ಮತ್ತು ಪ್ಯಾನ್ ಸಂಖ್ಯೆ ಸಾಕು; ದಾಖಲೆಗಳನ್ನು ಅಪ್‌ಲೋಡ್ ಮಾಡಬೇಕಾಗಿಲ್ಲ. ಸಾಮಾಜಿಕ ವರ್ಗ ಮತ್ತು ಲಿಂಗದ ವಿವರವು ಸ್ವಯಂಘೋಷಣೆಯಾಗಿರುವುದರಿಂದ ಖರೀದಿ ಮಾಡುವ ಸಂಸ್ಥೆಯು ಪುರಾವೆ ಕೇಳಬಹುದು. ಕರ್ನಾಟಕದಲ್ಲಿ ತಹಶೀಲ್ದಾರರು ನೀಡುವ ಜಾತಿ ಪ್ರಮಾಣಪತ್ರವನ್ನು ನಾಡಕಚೇರಿಯ ಮೂಲಕ ಪಡೆದು ಸಿದ್ಧವಾಗಿಟ್ಟುಕೊಳ್ಳುವುದು ಒಳಿತು.

1-4-2025ರಿಂದ ಸಣ್ಣ ಉದ್ದಿಮೆಯ ಮಿತಿಯು ಹೂಡಿಕೆಯಲ್ಲಿ ರೂ. 25 ಕೋಟಿ, ವಹಿವಾಟಿನಲ್ಲಿ ರೂ. 100 ಕೋಟಿ ಆಗಿರುತ್ತದೆ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳು 2021ರಿಂದ ನೋಂದಾಯಿಸಿಕೊಳ್ಳಬಹುದಾದರೂ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಖರೀದಿ ನೀತಿ ಅವರಿಗೆ ಅನ್ವಯಿಸುವುದಿಲ್ಲ.

ದೊರೆಯುವ ಸೌಲಭ್ಯ

ಟೆಂಡರ್ ದಾಖಲೆಗಳು ಉಚಿತವಾಗಿದ್ದು, ಇ.ಎಂ.ಡಿ. ಠೇವಣಿಯಿಂದ ವಿನಾಯಿತಿ ಇರುತ್ತದೆ. ಕನಿಷ್ಠ ದರ ನಮೂದಿಸಿದವರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಲ್ಲದಿದ್ದಲ್ಲಿ, ಆ ದರಕ್ಕಿಂತ ಶೇ. 15ರೊಳಗೆ ಹೆಚ್ಚಿಗೆ ನಮೂದಿಸಿದ ಅರ್ಹ ಉದ್ದಿಮೆಯು ಕನಿಷ್ಠ ದರಕ್ಕೆ ಒಪ್ಪಿ ಸರಬರಾಜಿನಲ್ಲಿ ಪಾಲು ಪಡೆಯಬಹುದು. ಠೇವಣಿಗೆ ಹಣ ಹೊಂದಿಸಲಾಗದೆ ಹಿಂದೆ ಸರಿಯುವ ಸಣ್ಣ ಉದ್ಯಮಿಗೆ ಈ ವಿನಾಯಿತಿಯೇ ಹೆಚ್ಚು ಉಪಯುಕ್ತ.

ರಾಜ್ಯ ಸರ್ಕಾರದ ಟೆಂಡರ್‌ಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಪ್ರತ್ಯೇಕವಾಗಿ ಅನ್ವಯಿಸುತ್ತದೆ.