ಟ್ರಯಥ್ಲಾನ್ ಸೈಕಲ್ ಸೀಟು

ಈಜು, ಸೈಕಲ್ ಸವಾರಿ, ಓಟ ಒಟ್ಟುಗೂಡಿದ ಟ್ರಯಥ್ಲಾನ್ ಸ್ಪರ್ಧೆಯ ಸೈಕಲ್ಲಿಗೆ ಹೊಂದುವ ಆಸನ. ಸೈಕಲ್ ಹಂತ ಒಲಿಂಪಿಕ್ ಮಾದರಿಯಲ್ಲಿ 40 ಕಿ.ಮೀ., ಐರನ್‌ಮ್ಯಾನ್‌ನಲ್ಲಿ 180 ಕಿ.ಮೀ. ಗಾಳಿಯ ತಡೆ ತಗ್ಗಿಸಲು ಸವಾರರು ಮೊಣಕೈಯೂರಿ ಬಾಗಿದಾಗ ಸೊಂಟ ಮುಂದಕ್ಕೆ ವಾಲಿ, ಭಾರ ಸೀಟಿನ ಮೂತಿಗೆ ಸರಿಯುತ್ತದೆ. ಅಲ್ಲಿ ತಾಗುವ ನರ, ರಕ್ತನಾಳಗಳು ಅದುಮಿಹೋಗಿ ಜೋಮು ಹಿಡಿಯುತ್ತದೆ. ಇದನ್ನು ತಪ್ಪಿಸಲು ಮೂತಿ ಮೊಟಕಾದ, ಇಬ್ಭಾಗವಾದ ಅಥವಾ ನಡುವೆ ಸೀಳುಳ್ಳ ಸೀಟುಗಳು ಬಂದಿವೆ.

ಆಯ್ಕೆ: ರಟ್ಟಿನ ಮೇಲೆ ಕುಳಿತಾಗ ಕುಂಡಿಯ ಮೂಳೆಗಳಿಂದ ಮೂಡುವ ಎರಡು ಗುಳಿಗಳ ಅಂತರದಿಂದ ಸೀಟಿನ ಅಗಲ ಅಂದಾಜಿಸುತ್ತಾರೆ. ಬಾಗಿದ ಭಂಗಿಗಾದರೆ ಮೂತಿಯ ಅಗಲ, ಆಕಾರಗಳೇ ಮುಖ್ಯ. ತೀರಾ ಮೆತ್ತನೆಯ ಸೀಟಿನಲ್ಲಿ ಮೂಳೆಗಳು ಹೂತು ನಡುಭಾಗ ಒತ್ತುತ್ತದೆ. ಎತ್ತರ ಹೆಚ್ಚಾದರೆ ಸೊಂಟ ಓಲಾಡಿ ತೊಡೆ ಉಜ್ಜುತ್ತದೆ. ಮೂತಿಯನ್ನು ತುಸು ತಗ್ಗಿಸಬಹುದು. ಅತಿಯಾದರೆ ಮೈ ಮುಂದೆ ಜಾರಿ ಭುಜ ನೋಯುತ್ತದೆ.

ಪರೀಕ್ಷೆ: ಉದಾಹರಣೆಗೆ, ಉಡುಪಿ ಜಿಲ್ಲೆಯ ಕಾರ್ಕಳದಿಂದ ಬಜಗೋಳಿ ಮೂಲಕ ಕುದುರೆಮುಖಕ್ಕೆ ಹೋಗುವ ಘಟ್ಟದ ಏರಿನಲ್ಲಿ ಸವಾರರು ಹಿಂದೆ ಸರಿದು ಕೂರುವುದರಿಂದ ಸೀಟಿನ ಹಿಂಭಾಗದ ಗುಣ ತಿಳಿಯುತ್ತದೆ, ಕಾಪು–ಉಡುಪಿ ಹೆದ್ದಾರಿಯ ಸಮತಟ್ಟಿನಲ್ಲಿ ಮೂತಿಯ ಗುಣ. ಮೂರೂ ಹಂತಗಳಿಗೆ ತೊಡುವ ಟ್ರೈಸೂಟಿನ ಪ್ಯಾಡ್ ತೆಳು. ಈಜಿನ ನೀರು, ಕರಾವಳಿಯ ಬೆವರಿಗೆ ಚರ್ಮ ಬೇಗ ತರಚುತ್ತದೆ. ಆದ್ದರಿಂದ ಸ್ಪರ್ಧೆಯ ಉಡುಪಿನಲ್ಲೇ, ಒದ್ದೆಯಾಗಿಯೇ, ಪರೀಕ್ಷಿಸುವುದು ಒಳಿತು.