ಮಕ್ಕಳೇ ಮುಂದಾಳುಗಳಾದ ಹಾಡು

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರು ಕೇಳಿದೊಡನೆ ನಮಗೆ 1942ರ ಸೆಪ್ಟೆಂಬರ್ ತಿಂಗಳು ನೆನಪಾಗುತ್ತದೆ. ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿದ ಗ್ರಾಮಸ್ಥರು ತಮ್ಮದೇ ಆಡಳಿತವನ್ನು ಕಟ್ಟಿಕೊಂಡರು. ಅದರಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಆದವರು ಜಯಣ್ಣ, ಮಲ್ಲಪ್ಪ ಎಂಬ ಇಬ್ಬರು ಎಳೆಯ ಹುಡುಗರು! ಆ ತಿಂಗಳ ಕೊನೆಯ ಘರ್ಷಣೆಯಲ್ಲಿ ಇಬ್ಬರು ಸರ್ಕಾರಿ ಅಧಿಕಾರಿಗಳು ಸತ್ತರು. ಊರು ಘೋರ ದಮನಕ್ಕೆ ತುತ್ತಾಯಿತು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. "ಏಸೂರ ಕೊಟ್ಟರೂ ಈಸೂರ ಕೊಡೆವು" ಎಂಬ ಮಾತು ಇಂದಿಗೂ ಉಳಿದಿರುವುದರಲ್ಲಿ ಅದರ ಪ್ರಾಸದ ಪಾಲೂ ಇದೆ. ಮಕ್ಕಳ ನಾಲಿಗೆ ಪ್ರಾಸವನ್ನು ಬಿಡುವುದಿಲ್ಲ.

ಈ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದೆ. ಸಂಕಟದ ಕಾಲದಲ್ಲಿ ಹಿರಿಯರು ಮಕ್ಕಳನ್ನು ಮುಂದೆ ನಿಲ್ಲಿಸಿದರೆಂದು ಬಣ್ಣಿಸಿದೆ. ಆದರೆ ನನ್ನ ತರಗತಿಯ ಮಕ್ಕಳಿಗೆ ಒಂದು ಹಾಡಿನ ಮುಂದಾಳುತನವನ್ನೂ ಕೊಟ್ಟಿರಲಿಲ್ಲ.

ಆ ಸೀಮೆಯ ಒಂದು ಸಣ್ಣ ಶಾಲೆಯಲ್ಲಿ ಒಂದನೆಯ ತರಗತಿಯ ಹುಡುಗನೊಬ್ಬ ಸ್ಲೇಟಿನ ಮೇಲೆ ಬೆರಳುಗಳಿಂದ ಬಡಿಯುತ್ತಿದ್ದ. ನಾನು ಸಿಟ್ಟಾಗಿ ಸ್ಲೇಟನ್ನು ಕಸಿದುಕೊಂಡು ಅವನನ್ನು ಮೂಲೆಯಲ್ಲಿ ನಿಲ್ಲಿಸಿದೆ. ಕೆಲವು ದಿನಗಳ ನಂತರ ಊರ ಹಬ್ಬದಲ್ಲಿ ಡೊಳ್ಳಿನವರ ಪಕ್ಕದಲ್ಲಿ ಅವನನ್ನು ಕಂಡೆ. ಗಂಡಸರ ಡೊಳ್ಳು ಹೊಮ್ಮಿಸುತ್ತಿದ್ದ ಗತಿಯನ್ನೇ ಅವನ ಬೆರಳುಗಳು ತೊಡೆಯ ಮೇಲೆ ಬಾರಿಸುತ್ತಿದ್ದವು. ಅವನು ಅಂದು ಸ್ಲೇಟಿನ ಮೇಲೆ ಅಭ್ಯಾಸ ಮಾಡುತ್ತಿದ್ದ. ನಾನು ಅದನ್ನು ಗಲಾಟೆ ಎಂದು ಬಗೆದಿದ್ದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ನಮ್ಮ ಸೀಮೆಯ ಮಕ್ಕಳು ಸಂಗೀತ ಕಲಿಯುತ್ತಿದ್ದುದೇ ಹೀಗೆ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಿದ್ದರು. ಮುಮ್ಮೇಳದವರು ಒಂದು ಸಾಲು ಹಾಡಿದರೆ ಹಿಮ್ಮೇಳದವರು ಅದನ್ನೇ ಹಿಂದಿರುಗಿಸುತ್ತಿದ್ದರು. ಹಿಂದೆ ಬರುತ್ತಿದ್ದ ಹುಡುಗರು ಮೊದಲು ಕೇಳುತ್ತ, ಆಮೇಲೆ ಸಾಲಿನ ಕೊನೆಯ ಮಾತಿಗೆ ಮಾತ್ರ ದನಿಗೂಡಿಸುತ್ತ, ಕೆಲವು ದೀಪಾವಳಿಗಳು ಕಳೆಯುವಷ್ಟರಲ್ಲಿ ಹಾಡುಗಾರರೇ ಆಗುತ್ತಿದ್ದರು. ಕಲಿಸಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ.

ಶಾಲೆಗಳಲ್ಲಿಯೂ ಈ ಅರಿವು ಇರಲಿಲ್ಲವೆಂದಲ್ಲ. ತರಗತಿಯ ಮಕ್ಕಳ ಮುಂದೆ ನಿಂತ ಅನುಭವದಿಂದಲೇ ಜಿ.ಪಿ. ರಾಜರತ್ನಂ 'ತುತ್ತೂರಿ'ಯ ಪದ್ಯಗಳನ್ನು ಬರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸ್ಸರಿಯವರ ಪದ್ಧತಿಯಲ್ಲಿ ಮಗು ತಾನೇ ಗಂಟೆಗಳನ್ನು ಬಾರಿಸಿ, ಒಂದೇ ಸ್ವರದ ಜೋಡಿಯನ್ನು ಕಿವಿಯಿಂದಲೇ ಹುಡುಕುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ, ಹಾಡು ಮತ್ತು ಆಟವನ್ನು ಸರ್ಕಾರಿ ಶಾಲೆಯ ಕಲಿಕೆಯ ನಡುವೆಯೇ ತಂದಿತು.

ಸ್ಲೇಟಿನ ಪ್ರಸಂಗದ ನಂತರ ನಾನು ಒಂದು ಪದ್ಧತಿ ಇಟ್ಟುಕೊಂಡೆ. ದಿನವೂ ಒಂದು ಮಗು ಮುಂದೆ ಬಂದು ತನಗೆ ಬರುವ ಹಾಡನ್ನು ಹೇಳಬೇಕು; ನಾನು ಸೇರಿದಂತೆ ಉಳಿದವರೆಲ್ಲ ಹಿಮ್ಮೇಳ. ಮೊದಲ ದಿನವೇ ನನ್ನ ತಪ್ಪು ತಿಳಿಯಿತು. ಇಷ್ಟು ಕಾಲವೂ ನನ್ನ ದಪ್ಪ ಗಂಟಲಿನ ಶ್ರುತಿಗೆ ಮಕ್ಕಳನ್ನು ಎಳೆಯುತ್ತಿದ್ದೆ. ಆದ್ದರಿಂದಲೇ ಅವರು ಹಾಡುವ ಬದಲು ಕೂಗುತ್ತಿದ್ದರು. ಮುಂದೆ ನಿಂತ ಹುಡುಗಿ ತನ್ನ ಎಳೆಯ ಕಂಠಕ್ಕೆ ಒಗ್ಗುವ ಶ್ರುತಿಯನ್ನು ಹಿಡಿದಾಗ ಇಡೀ ತರಗತಿ ಹಾಡಿತು. ಮರುದಿನ ಇನ್ನೊಬ್ಬ ಅದೇ ಧಾಟಿಗೆ ಗೆಳೆಯರ ಹೆಸರುಗಳನ್ನು ಸೇರಿಸಿದ. ಮಾತ್ರೆ ಹೆಚ್ಚಾದಾಗ ಮಕ್ಕಳೇ ನಕ್ಕು, ಹೆಸರನ್ನು ಮೊಟಕುಮಾಡಿ ಸರಿಪಡಿಸಿದರು. ಛಂದಸ್ಸಿನ ಪಾಠವೊಂದು ನನ್ನ ಕಣ್ಣೆದುರಿಗೇ ನಡೆಯಿತು!

ಸ್ಲೇಟಿನ ಹುಡುಗನ ಸರದಿಯೂ ಬಂತು. ಅವನು ಹಾಡಲಿಲ್ಲ, ಮೇಜಿನ ಮೇಲೆ ಬಾರಿಸಿದ. ನಾವು ಚಪ್ಪಾಳೆಯಿಂದ ಅನುಸರಿಸಿದೆವು. ಗತಿ ತಪ್ಪಿದವನು ನಾನೊಬ್ಬನೇ.

ಈಸೂರಿನ ತ್ಯಾಗಕ್ಕೆ ತರಗತಿಯ ಹಾಡನ್ನು ಹೋಲಿಸುವ ಉದ್ಧಟತನ ನನಗಿಲ್ಲ. ಆದರೂ ಕಿರಿಯರನ್ನು ಮುಂದೆ ನಿಲ್ಲಿಸಿ ಹಿರಿಯರು ಹಿಂದೆ ನಡೆದ ಊರಿನ ಚರಿತ್ರೆಯನ್ನು ಹೇಳುವ ಮೇಷ್ಟರು, ದಿನಕ್ಕೆ ಐದು ನಿಮಿಷವಾದರೂ ಹಿಮ್ಮೇಳದಲ್ಲಿ ನಿಲ್ಲುವುದನ್ನು ಕಲಿಯಬೇಕು. ನಾನು ಅದನ್ನು ತಡವಾಗಿ ಕಲಿತೆ.