ಸಮೀಕ್ಷೆಯಲ್ಲಿ ಮೊದಲು ಬಂದ ಪಕ್ಷ ಏಳು ಸೀಟಿಗೆ ಇಳಿದ ಕಥೆ



ಚುನಾವಣೆ ಹತ್ರ ಬಂದ್ರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸಮೀಕ್ಷೆಗಳ ಸುರಿಮಳೆ. ಯಾರಿಗೆ ಎಷ್ಟು ಪರ್ಸೆಂಟ್, ಯಾರದ್ದು ಏರ್ತು, ಯಾರದ್ದು ಇಳೀತು ಅಂತ ರಾತ್ರಿಯೆಲ್ಲಾ ಚರ್ಚೆ. ಇವತ್ತು ಅಂಥದ್ದೇ ಒಂದು ಏರಿಳಿತದ ಚರಿತ್ರೆ ಹೇಳ್ತೀನಿ. ಇದು ಐರ್ಲೆಂಡಿನದ್ದು. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಮಾದರಿ ಸಿಕ್ಕಿದ್ದು ಆ ದೇಶದ 1937ರ ಸಂವಿಧಾನದಲ್ಲಿ. ಹಾಗಾಗಿ ನಮಗೆ ಅದು ತೀರಾ ಹೊರಗಿನ ಮನೆಯೇನಲ್ಲ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಐರ್ಲೆಂಡಿನ ಲೇಬರ್ ಪಕ್ಷ ಹುಟ್ಟಿದ್ದು 1912ರಲ್ಲಿ. ಕಟ್ಟಿದವರಲ್ಲಿ ಜೇಮ್ಸ್ ಕಾನೊಲಿ, ಜೇಮ್ಸ್ ಲಾರ್ಕಿನ್ ಮುಖ್ಯರು. ಮಾರನೇ ವರ್ಷವೇ ಡಬ್ಲಿನ್ನಿನ ಮಾಲೀಕರು, ಯೂನಿಯನ್ ಸೇರಿದವರಿಗೆ ಕೆಲಸ ಇಲ್ಲ ಅಂತ ಸಾವಿರಾರು ಕಾರ್ಮಿಕರಿಗೆ ಬಾಗಿಲು ಮುಚ್ಚಿದರು. 1916ರ ದಂಗೆಯಲ್ಲಿ ಗಾಯಗೊಂಡು ನಿಲ್ಲಲೂ ಆಗದಿದ್ದ ಕಾನೊಲಿಯನ್ನು ಬ್ರಿಟಿಷರು ಕುರ್ಚಿಯಲ್ಲಿ ಕೂರಿಸಿ ಗುಂಡಿಟ್ಟು ಕೊಂದರು. ಇಂಥ ಪಕ್ಷ 1918ರ ಚುನಾವಣೆಯಲ್ಲಿ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು. ಮೊದಲು ಸ್ವಾತಂತ್ರ್ಯದ ಪ್ರಶ್ನೆ ಇತ್ಯರ್ಥ ಆಗಲಿ, ಕೂಲಿಯವರ ಪ್ರಶ್ನೆ ಆಮೇಲೆ ಅನ್ನೋ ಹಾಗಾಯ್ತು. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮಗೂ ಇದನ್ನೇ ತಾನೇ ಹೇಳಿದ್ದು!

ಆ "ಆಮೇಲೆ" ಬರಲೇ ಇಲ್ಲ. 1922-23ರ ಅಂತರ್ಯುದ್ಧದ ಎರಡು ಬಣಗಳಿಂದ ಬೆಳೆದ ಫಿಯಾನಾ ಫಾಲ್ ಮತ್ತು ಫಿನೆ ಗೇಲ್ ಪಕ್ಷಗಳೇ ಅಧಿಕಾರ ಹಂಚಿಕೊಂಡು ಬಂದವು. ಲೇಬರ್ ಯಾವಾಗಲೂ ಮೂರನೆಯದ್ದು, ಯಾರದ್ದೋ ಸರ್ಕಾರಕ್ಕೆ ಊರುಗೋಲು.

2008ರಲ್ಲಿ ಬ್ಯಾಂಕುಗಳು ಕುಸಿದವು. ಫಿಯಾನಾ ಫಾಲ್ ಸರ್ಕಾರ ರಾತ್ರೋರಾತ್ರಿ ಆ ಬ್ಯಾಂಕುಗಳ ಸಾಲಕ್ಕೆ ಇಡೀ ದೇಶವನ್ನೇ ಜಾಮೀನು ನಿಲ್ಲಿಸಿತು. 2010ರ ನವೆಂಬರಿಗೆ ಐಎಂಎಫ್ ಮತ್ತು ಯುರೋಪಿಯನ್ ಒಕ್ಕೂಟದ ಮುಂದೆ 85 ಬಿಲಿಯನ್ ಯೂರೋ ಪ್ಯಾಕೇಜಿಗೆ ಕೈ ಒಡ್ಡಬೇಕಾಯಿತು. ಲಾಭ ತಿಂದವರು ಯಾರೋ, ಬಿಲ್ಲು ಬಂದಿದ್ದು ಬಡವರ ಮನೆಗೆ.

ಜನರ ಸಿಟ್ಟು ಮೊದಲು ಕಂಡಿದ್ದು ಸಮೀಕ್ಷೆಗಳಲ್ಲಿ. 2010ರ ಜೂನ್‌ನಲ್ಲಿ ಐರಿಷ್ ಟೈಮ್ಸ್ ಪತ್ರಿಕೆಯ ಸಮೀಕ್ಷೆ ಬಂತು: ಲೇಬರ್ 32, ಫಿನೆ ಗೇಲ್ 28, ಫಿಯಾನಾ ಫಾಲ್ 17. ಆ ಪತ್ರಿಕೆಯ ಸಮೀಕ್ಷೆಯಲ್ಲಿ ಲೇಬರ್ ಮೊದಲ ಸ್ಥಾನಕ್ಕೆ ಬಂದಿದ್ದು ಅದೇ ಮೊದಲು. ಫಿನೆ ಗೇಲ್ ಒಳಗೆ ಭೂಕಂಪ. ನಾಯಕ ಎಂಡಾ ಕೆನಿಯನ್ನೇ ಇಳಿಸೋಕೆ ಬಂಡಾಯ ನಡೆದು, ಆತ ಹೇಗೋ ಉಳಿದುಕೊಂಡ. ಲೇಬರ್‌ನವರು ತಮ್ಮ ನಾಯಕ ಈಮನ್ ಗಿಲ್ಮೋರ್ ಮುಂದಿನ ಟೀಶಕ್, ಅಂದ್ರೆ ಪ್ರಧಾನಿ, ಅಂತ ಪ್ರಚಾರ ಶುರು ಮಾಡಿದರು.

ಆಮೇಲೆ ಭರವಸೆಗಳ ಸಂತೆ. ಫಿನೆ ಗೇಲ್ ಒಂದೇ ಬಂದ್ರೆ ಮಕ್ಕಳ ಭತ್ಯೆ ಕಡಿತ ಮಾಡ್ತಾರೆ, ನೀರಿಗೆ ದುಡ್ಡು ಕೇಳ್ತಾರೆ ಅಂತ ಲೇಬರ್ ಜಾಹೀರಾತು ಕೊಟ್ಟಿತು. ಹಿರಿಯ ನಾಯಕ ರೂರಿ ಕ್ವಿನ್, ಕಾಲೇಜು ಶುಲ್ಕ ಏರಿಸಲ್ಲ ಅಂತ ವಿದ್ಯಾರ್ಥಿಗಳ ಮುಂದೆ ಸಹಿ ಹಾಕಿದರು. 2011ರ ಫೆಬ್ರವರಿಯಲ್ಲಿ ಲೇಬರ್‌ಗೆ ಸಿಕ್ಕಿದ್ದು ಶೇ. 19.4 ಮತ, 37 ಸೀಟು. ಸೀಟಿನ ಲೆಕ್ಕದಲ್ಲಿ ಅದರ ಚರಿತ್ರೆಯಲ್ಲೇ ಅತಿ ಹೆಚ್ಚು. 1932ರಿಂದ ಸತತ ಅತಿದೊಡ್ಡ ಪಕ್ಷವಾಗಿದ್ದ ಫಿಯಾನಾ ಫಾಲ್ 20ಕ್ಕೆ ಇಳಿಯಿತು.

ಲೇಬರ್ ಹೋಗಿ ಕೂತಿದ್ದು ಯಾರ ಜೊತೆ? ಯಾರ ಬಗ್ಗೆ ಹೆದರಿಸಿ ವೋಟು ಕೇಳಿತ್ತೋ ಅದೇ ಫಿನೆ ಗೇಲ್ ಜೊತೆ. ಮಕ್ಕಳ ಭತ್ಯೆ ತಿಂಗಳಿಗೆ 140 ಯೂರೋದಿಂದ 130ಕ್ಕೆ ಇಳಿಯಿತು. ಕ್ವಿನ್ ಶಿಕ್ಷಣ ಮಂತ್ರಿಯಾದರು, ಶುಲ್ಕ ಏರಿತು. 2014ರಲ್ಲಿ ನೀರಿನ ದರವೂ ಬಂತು. ಖಜಾನೆ ಖಾಲಿ, ಸಾಲ ಕೊಟ್ಟವರ ಷರತ್ತು ಕುತ್ತಿಗೆ ಮೇಲಿದೆ ಅನ್ನೋದು ಅವರ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ಆದ್ರೆ ಸಹಿ ಹಾಕುವಾಗಲೂ ಖಜಾನೆ ಖಾಲಿಯೇ ಇತ್ತಲ್ಲ ಸ್ವಾಮಿ?

ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ರೆ ಅನ್ಯಾಯ ಆಗುತ್ತೆ. 2012ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಗರ್ಭ ಉಳಿಯಲ್ಲ ಅಂತ ಗೊತ್ತಿದ್ದರೂ, ಆಕೆಯೇ ಕೇಳಿಕೊಂಡರೂ ಗರ್ಭಪಾತ ಮಾಡಲಿಲ್ಲ. ನಂಜೇರಿ ಸತ್ತಳು, ವಯಸ್ಸು 31. ಜನ ಬೀದಿಗೆ ಬಂದರು. ಲೇಬರ್ ಇದ್ದ ಆ ಸರ್ಕಾರವೇ 2013ರಲ್ಲಿ, ತಾಯಿಯ ಜೀವಕ್ಕೆ ಅಪಾಯ ಇದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡೋ ಕಾಯ್ದೆ ತಂದಿತು. 2015ರಲ್ಲಿ ಸಲಿಂಗ ವಿವಾಹಕ್ಕೆ ಶೇ. 62 ಜನ ಒಪ್ಪಿಗೆ ಕೊಟ್ಟರು, ಅದರ ಹಿಂದೆಯೂ ಲೇಬರ್‌ನ ದೊಡ್ಡ ಪಾಲಿತ್ತು. ಇವು ಸಣ್ಣ ಕೆಲಸಗಳಲ್ಲ. ಆದರೂ ಜನ ಅದಕ್ಕಾಗಿ ಅನ್ನದ ಲೆಕ್ಕ ಬಿಟ್ಟುಕೊಡಲಿಲ್ಲ. ರಾಜಕೀಯ ಸಮಾನತೆ ಇದ್ದು ಆರ್ಥಿಕ, ಸಾಮಾಜಿಕ ಸಮಾನತೆ ಇಲ್ಲದಿದ್ರೆ ಕಟ್ಟಿದ್ದೆಲ್ಲ ಒಡೆದು ಹೋಗುತ್ತೆ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಘನತೆಯೂ ಬೇಕು, ಗಂಜಿಯೂ ಬೇಕು.

2014ರ ಯುರೋಪಿಯನ್ ಚುನಾವಣೆಯಲ್ಲಿ ಲೇಬರ್‌ಗೆ ಒಂದೂ ಸೀಟು ಬರಲಿಲ್ಲ. ಗಿಲ್ಮೋರ್ ನಾಯಕತ್ವ ಬಿಟ್ಟರು. ಆ ಚಳಿಗಾಲ ನೀರಿನ ದರದ ವಿರುದ್ಧ ಹತ್ತಾರು ಸಾವಿರ ಜನ ಡಬ್ಲಿನ್ ಬೀದಿಗಿಳಿದರು. ಬಿಲ್ಲು ಕಟ್ಟಲ್ಲ ಅಂತ ಕೂತರು. ಕೊನೆಗೆ ದರವನ್ನೇ ಕೈಬಿಟ್ಟು, ಕಟ್ಟಿದವರಿಗೆ ಸರ್ಕಾರ ದುಡ್ಡು ವಾಪಸ್ ಕೊಡಬೇಕಾಯ್ತು. 2016ರ ಚುನಾವಣೆಯಲ್ಲಿ ಲೇಬರ್ 7 ಸೀಟಿಗೆ ಬಂದು ನಿಂತಿತು. ಕಾನೊಲಿಯನ್ನು ಕೊಂದು ಸರಿಯಾಗಿ ನೂರನೇ ವರ್ಷ ಅದು.

ಇದು ಮೊದಲ ಸಲವೂ ಅಲ್ಲ. 1992ರಲ್ಲಿ ಡಿಕ್ ಸ್ಪ್ರಿಂಗ್ ನಾಯಕತ್ವದಲ್ಲಿ 33 ಸೀಟು ಗೆದ್ದು, ತಾವೇ ಬೈದಿದ್ದ ಫಿಯಾನಾ ಫಾಲ್ ಜೊತೆ ಕೂತರು. 1997ರಲ್ಲಿ 17ಕ್ಕೆ ಇಳಿದರು. ಹಳೇ ಫೈಲು ತೆಗೆದು ಓದಿದ್ದಿದ್ರೆ ಸಾಕಿತ್ತು.

ಆ ಸಿಟ್ಟು ಆಮೇಲೆ ಎಲ್ಲಿಗೆ ಹೋಯ್ತು? ಬಹುಪಾಲು ಶಿನ್ ಫೇನ್ ಕಡೆಗೆ. 2019ರ ಸ್ಥಳೀಯ ಚುನಾವಣೆಯಲ್ಲಿ ಶೇ. 9.5 ಇದ್ದ ಪಕ್ಷ, ಒಂಬತ್ತೇ ತಿಂಗಳಲ್ಲಿ ಬಾಡಿಗೆ ಮನೆಯ ಸಂಕಟವನ್ನು ಮುಂದಿಟ್ಟು ಶೇ. 24.5 ಮತ ಪಡೆದು ಮೊದಲು ಬಂತು. ತನ್ನ ಅಲೆ ತನಗೇ ಗೊತ್ತಿಲ್ಲದೆ ಬರೀ 42 ಅಭ್ಯರ್ಥಿಗಳನ್ನು ಹಾಕಿತ್ತು! ಅದನ್ನು ಹೊರಗಿಡೋಕೆ, ಅಂತರ್ಯುದ್ಧದ ಕಾಲದಿಂದ ಎದುರಾಳಿಗಳಾಗಿದ್ದ ಆ ಎರಡೂ ಹಳೇ ಪಕ್ಷಗಳು ಕೈ ಜೋಡಿಸಿದವು. ಮೇಲಿನವರ ಜಗಳ ಎಷ್ಟು ಆಳದ್ದು ಅಂತ ಇದರಲ್ಲೇ ಗೊತ್ತಾಗುತ್ತೆ. 2022ರಲ್ಲಿ ಸಮೀಕ್ಷೆಗಳು ಶಿನ್ ಫೇನ್‌ಗೆ ಶೇ. 35ರ ಆಸುಪಾಸು ತೋರಿಸಿದವು. 2024ರ ನವೆಂಬರಿನಲ್ಲಿ ಬಂದಿದ್ದು ಶೇ. 19. ಮನೆ ಇಲ್ಲದವರ ಸಿಟ್ಟಿನ ಒಂದು ಪಾಲನ್ನು ಅಷ್ಟರಲ್ಲಿ ವಲಸಿಗರ ಮೇಲೆ ತಿರುಗಿಸಲಾಗಿತ್ತು. 2025ರಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ, ನಮ್ಮ ರಾಯಭಾರ ಕಚೇರಿಯೇ ಎಚ್ಚರಿಕೆಯಿಂದಿರಿ ಅಂತ ಪ್ರಕಟಣೆ ಕೊಡಬೇಕಾಯ್ತು. ಬಡವರ ಹೆಸರಲ್ಲಿ ಬಂದವರು ಮಾತು ತಪ್ಪಿದಾಗ ಖಾಲಿ ಬಿದ್ದ ಜಾಗಕ್ಕೆ ದ್ವೇಷ ಬಂದು ಕೂರುತ್ತೆ. ಏಟು ಬೀಳೋದು ಇನ್ನೂ ದುರ್ಬಲನ ಮೇಲೆ.

ನಾನು ಗುಮಾಸ್ತ, ನನಗೆ ಲೆಕ್ಕದ ಭಾಷೆ ಬರುತ್ತೆ. ಸಮೀಕ್ಷೆಯ ಪರ್ಸೆಂಟ್ ಅನ್ನೋದು ಜನ ಕೊಟ್ಟ ಕೈಸಾಲ. ಅದನ್ನ ಪಿತ್ರಾರ್ಜಿತ ಆಸ್ತಿ ಅಂದ್ಕೊಂಡ ಪಕ್ಷ ಮುಳುಗುತ್ತೆ. ನಮ್ಮ ಹೆಸರಲ್ಲಿ ಗೆದ್ದು ಹೋಗೋರಿಗೂ ಇದು ಅನ್ವಯ.

ಅದಕ್ಕೇ ಮುಂದಿನ ಸಲ ಗುಂಪಿಗೆ ಸಮೀಕ್ಷೆ ಹಾಕುವಾಗ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಹಾಕೋಣ: ಕಳೆದ ಸಲ ಇವರು ನಮಗೆ ಏನು ಬರೆದುಕೊಟ್ಟಿದ್ದರು, ಅದರಲ್ಲಿ ಎಷ್ಟು ನಡೆಸಿಕೊಟ್ಟರು? ಗ್ರಾಫಿನ ಗೆರೆ ವಾರಕ್ಕೊಂದ್ಸಲ ಬದಲಾಗುತ್ತೆ. ನೀರಿನ ಬಿಲ್ಲು ವಾಪಸ್ ಹೋಗಿದ್ದು ಬಿಲ್ಲು ಕಟ್ಟಲ್ಲ ಅಂತ ಒಟ್ಟಾಗಿ ನಿಂತ ಮನೆಗಳಿಂದ.

ಜೈ ಭೀಮ್.